ಕಟಿಂಗ್ ಕೇಳದ ಗಿರಾಕಿ

ನನ್ನ ಷಡ್ಡಕನ ಕೈಗಳು ಸುಮ್ಮನಿದ್ದುದನ್ನು ನೋಡಿದವರು ಕಡಿಮೆ. ಊಟಕ್ಕೆ ಕೂತರೆ ತಟ್ಟೆಯನ್ನು ತಿರುಗಿಸುತ್ತಲೇ ಇರುತ್ತಾನೆ. ಬಸ್ಸಿನಲ್ಲಿ ಕೂತರೆ ಮುಂದಿನ ಸೀಟಿನ ಹರಿದ ರೆಕ್ಸಿನ್ನನ್ನು ಬೆರಳಿನಿಂದ ಒಳಗೆ ತುರುಕುತ್ತಾನೆ. ನಮ್ಮ ಮನೆಗೆ ಬಂದರೆ ಚಪ್ಪಲಿ ಬಿಡುವ ಮೊದಲೇ ಗೋಡೆ ಗಡಿಯಾರದ ಕಡೆ ನೋಡುತ್ತಾನೆ. ಹೊತ್ತೆಷ್ಟಾಯಿತು ಎಂದಲ್ಲ, ಅದು ಸೊಟ್ಟಗಿದೆಯಾ ಎಂದು. ಸೊಟ್ಟಗಿಲ್ಲದಿದ್ದರೂ ಒಂದು ಬೆರಳು ತಾಗಿಸಿ, "ಇನ್ನೊಂಚೂರು" ಅಂದು, ಸೊಟ್ಟಗೆ ಮಾಡಿಯೇ ಕೂರುತ್ತಾನೆ.

ಕಸುಬು ಕ್ಷೌರ. ನನ್ನ ಹೆಂಡತಿಯ ಅಕ್ಕನನ್ನು ಮದುವೆಯಾಗಿದ್ದಾನೆ. ಅವನ ಕಟಿಂಗ್ ಶಾಪು ಮತ್ತು ನನ್ನ ಮೋಟಾರು ರಿಪೇರಿ ಅಂಗಡಿ ಒಂದೇ ಬೀದಿಯಲ್ಲಿ, ಮಧ್ಯೆ ಒಂದು ಝೆರಾಕ್ಸ್ ಅಂಗಡಿ. ವಯಸ್ಸಿನಲ್ಲಿ ನನಗಿಂತ ದೊಡ್ಡವನು. ಮನಸ್ಸು ಸರಿ ಇದ್ದಾಗ ಅವನನ್ನು ಅಣ್ಣ ಅನ್ನುತ್ತೇನೆ, ತಲೆ ಕೆಟ್ಟಾಗ ಏನಯ್ಯಾ ಅನ್ನುತ್ತೇನೆ. ಅವನು ನನ್ನನ್ನು ಎರಡು ಹೊತ್ತಿನಲ್ಲೂ ಕರೆಯುವುದು ಬೆಂಕಿಪೊಟ್ಟಣ ಎಂದು. ಬೀದಿಯವರು ಅವನನ್ನು ಕರೆಯುವುದು ಇನ್ನೊಂಚೂರು ಎಂದು. ಅವನ ನಿಜವಾದ ಹೆಸರು ಕೇಳಿದರೆ ಎದುರು ಅಂಗಡಿಯವನೂ ತಲೆ ಕೆರೆದುಕೊಳ್ಳುತ್ತಾನೆ.

ಆ ಹೆಸರು ಸುಮ್ಮನೆ ಬಂದದ್ದಲ್ಲ. ಒಮ್ಮೆ ಬಸ್ ಕಂಡಕ್ಟರೊಬ್ಬರು ಫೋಟೊ ತೆಗೆಸಿಕೊಳ್ಳಬೇಕು, ಮೀಸೆ ಸ್ವಲ್ಪ ಸರಿ ಮಾಡಪ್ಪ ಎಂದು ಬಂದು ಕೂತರು. ಎಡಗಡೆ ಒಂಚೂರು ಹೆಚ್ಚಿದೆ ಎಂದು ಎಡಕ್ಕೆ ಕತ್ತರಿ ಹಾಕಿದ. ಆಗ ಬಲಗಡೆ ಹೆಚ್ಚಾಯಿತು. ಬಲಕ್ಕೆ ಹಾಕಿದ. ಎಡ ಹೆಚ್ಚಾಯಿತು. "ಇನ್ನೊಂಚೂರು ಸಾರ್, ಇನ್ನೊಂಚೂರು, ಅಲ್ಲಾಡ್ಬೇಡಿ." ಕಂಡಕ್ಟರು ತೂಕಡಿಸುತ್ತಿದ್ದವರು ಕಣ್ಣು ಬಿಟ್ಟು ಕನ್ನಡಿ ನೋಡಿಕೊಂಡರು.

"ಏನಯ್ಯಾ ಇದು, ಮೀಸೆಯೋ ಹುಬ್ಬೋ?"

"ಸಮ ಇದೆ ಸಾರ್."

"ಸಮ ಇರದೆ ಏನು! ಎರಡು ಕಡೆನೂ ಏನೂ ಇಲ್ವಲ್ಲೋ!"

ಅವತ್ತಿನಿಂದ ಆ ಕಂಡಕ್ಟರು ಮೀಸೆಯನ್ನು ಮನೆಯಲ್ಲೇ ನೋಡಿಕೊಳ್ಳುತ್ತಾರೆ. ಆದರೆ ತಲೆಗೆ ಇಲ್ಲಿಗೇ ಬರುತ್ತಾರೆ. ಬೇರೆ ಕಡೆ ಇಷ್ಟು ನಗು ಸಿಗುವುದಿಲ್ಲವಂತೆ.

ಹೀಗೆ ಕಂಡದ್ದನ್ನೆಲ್ಲ ಮುಟ್ಟಿ ತಿರುಗಿಸಿ ಕೆಡಿಸುವ ಮನುಷ್ಯ, ಒಂದೇ ಒಂದು ವಸ್ತುವನ್ನು ವರ್ಷಗಟ್ಟಲೆ ಮುಟ್ಟದೆ ಬಿಟ್ಟಿದ್ದ. ಅವನ ಬಗ್ಗೆ ಏನಾದರೂ ಬರೆಯಬೇಕು ಅಂದರೆ ಅದನ್ನೇ ಬರೆಯಬೇಕು.

ಅದು ಒಂದು ಹವಳ. ಹವಳ ಅಂದರೆ ಉಂಗುರಕ್ಕೆ ಕೂರಿಸುವ ಕೆಂಪು ಕಲ್ಲು ಎಂದೇ ನಾನೂ ತಿಳಿದಿದ್ದೆ. ಬೀದಿಯ ಕೊನೆಯಲ್ಲಿ ಸಾಕುಮೀನು ಮಾರುವವನೊಬ್ಬನಿದ್ದ. ಅವನು ಅಂಗಡಿ ಮುಚ್ಚಿ ಬೇರೆ ಊರಿಗೆ ಹೊರಟಾಗ, ಉಪ್ಪುನೀರಿನ ಒಂದು ಗಾಜಿನ ತೊಟ್ಟಿಯನ್ನು ಸಾಗಿಸಲಾಗದೆ ನನ್ನ ಷಡ್ಡಕನ ಕಟಿಂಗ್ ಶಾಪಿಗೆ ತಂದಿಟ್ಟ. ಒಳಗೆ ಎರಡು ಪುಟ್ಟ ಮೀನು, ಒಂದಿಷ್ಟು ಬಿಳಿ ಮರಳು, ಮಧ್ಯದ ಕಲ್ಲಿನ ಮೇಲೆ ನಿಂಬೆಹಣ್ಣಿನ ಗಾತ್ರದ ಈ ಜೀವ. ಅದರ ಮೈಯಿಂದ ಹಸಿರು ಬೆರಳುಗಳು ಹೊರಟಿದ್ದವು, ಪ್ರತಿ ಬೆರಳಿನ ತುದಿಯಲ್ಲೂ ಒಂದೊಂದು ಮಣಿ. ತೊಟ್ಟಿಯ ಎಡ ಬಲ ಗಾಜಿಗೆ ಒಂದೊಂದು ಚಿಕ್ಕ ಪಂಪು. ಅವು ನೀರನ್ನು ತಳ್ಳುತ್ತಿದ್ದವು, ಬೆರಳುಗಳು ತೊನೆಯುತ್ತಿದ್ದವು.

ಮೀನಿನವನು ಹೋಗುವಾಗ ನನ್ನ ಷಡ್ಡಕನ ಭುಜ ಹಿಡಿದು ಹೇಳಿದ್ದು ನಾನೂ ಕೇಳಿಸಿಕೊಂಡಿದ್ದೇನೆ.

"ನೋಡಿ, ಇದು ಗಿಡ ಅಲ್ಲ, ಕಲ್ಲೂ ಅಲ್ಲ. ಪ್ರಾಣಿ. ಕಾಲಿಲ್ಲ, ಕೂತಲ್ಲೇ ಕೂತಿರತ್ತೆ. ತಿನ್ನೋದನ್ನ ನೀರೇ ತಂದು ಬಾಯಿಗೆ ಕೊಡ್ಬೇಕು, ಹೊಲಸನ್ನ ನೀರೇ ಒಯ್ಬೇಕು. ನೀರು ಜೋರಾಗಿ ಹೊಡೆದ್ರೆ ಮೈ ಹರಿಯತ್ತೆ. ತೀರಾ ಸುಮ್ನಿದ್ರೆ ಕೊಳೆ ಕೂತು ಮೈ ಕೊಳೆಯತ್ತೆ. ಮಧ್ಯದಲ್ಲಿ ಒಂದು ಹದ ಇದೆ, ಆ ಹದಕ್ಕೆ ಅದು ಒಗ್ಗಿಕೊಂಡಿದೆ. ನೀವು ದಯವಿಟ್ಟು..."

"ಮುಟ್ಟಲ್ಲ ಬಿಡಿ."

"ನೀವು ಮುಟ್ಟಲ್ಲ ಅಂದ್ರೆ ನನಗೆ ಭಯ ಆಗತ್ತೆ."

ಭಯ ಸುಳ್ಳಾಗಲಿಲ್ಲ. ಮಾರನೆಯ ದಿನವೇ ಎಡಗಡೆ ಪಂಪು ಒಂಚೂರು ಮೇಲಕ್ಕೆ ತಿರುಗಿತು. ಅದರ ಮಾರನೆಯ ದಿನ ಬಲಗಡೆಯದು ಒಂಚೂರು ಕೆಳಕ್ಕೆ. ಗಿರಾಕಿಯ ಗದ್ದಕ್ಕೆ ಬೆರಳಿಟ್ಟು ತಲೆ ತಿರುಗಿಸುವ ಹಾಗೆಯೇ ಪಂಪಿನ ಮೂತಿಗೆ ಬೆರಳಿಟ್ಟು ತಿರುಗಿಸುತ್ತಿದ್ದ. ಈ ಕಡೆಯ ಬೆರಳು ಚೆನ್ನಾಗಿ ಆಡುತ್ತಿವೆ, ಆ ಕಡೆಯವು ಆಡುತ್ತಿಲ್ಲ, ಎರಡೂ ಸಮ ಆಗಬೇಕು, ಅವನ ಲೆಕ್ಕ ಅದು. ವಾರ ಕಳೆಯುವುದರೊಳಗೆ ಹವಳ ಬೆರಳುಗಳನ್ನೆಲ್ಲ ಒಳಗೆಳೆದುಕೊಂಡು ಮುಚ್ಚಿದ ಮುಷ್ಟಿಯ ಹಾಗೆ ಕೂತಿತು. ಇವನು ಫೋನು ಮಾಡಿದ. ಮೀನಿನವನು ಅಲ್ಲಿಂದಲೇ ಉಗಿದ. "ಯಾವುದಕ್ಕಾದ್ರೂ ಒಗ್ಗತ್ತೆ ಸ್ವಾಮಿ ಅದು, ಆದ್ರೆ ದಿನಾ ಬದಲಾಯಿಸಿದ್ರೆ ಒಗ್ಗೋದು ಯಾವುದಕ್ಕೆ? ನಿಮ್ಮ ಮಂಚಾನ ದಿನಾ ಒಂದೊಂದು ಕಡೆ ಎಳೆದ್ರೆ ನಿಮಗೆ ನಿದ್ದೆ ಬರತ್ತಾ?"

ಅವತ್ತು ನನ್ನನ್ನು ಕರೆಸಿದ. ಎರಡು ಪಂಪಿಗೂ ಪ್ಲಾಸ್ಟಿಕ್ಕಿನ ಹಿಡಿಕೆ ಮಾಡಿ ಗಾಜಿನ ಅಂಚಿಗೆ ಬಿಗಿಸಿದೆ. ಎಳೆದರೆ ಪಂಪು ಈಚೆ ಬರುತ್ತದೆ, ಮತ್ತೆ ತುರುಕಿದರೆ ಅದೇ ಜಾಗಕ್ಕೆ ಕೂರುತ್ತದೆ, ಆದರೆ ಆ ಕಡೆ ಈ ಕಡೆ ತಿರುಗುವುದಿಲ್ಲ. "ಇನ್ನು ಇದರ ತಂಟೆಗೆ ಹೋದ್ರೆ ನಿನ್ನ ಕೈಗೂ ಒಂದು ಹಿಡಿಕೆ ಹಾಕ್ತೀನಿ" ಅಂದೆ.

"ಹಾಕೋ ಬೆಂಕಿಪೊಟ್ಟಣ. ನಾನಿನ್ನು ಇದನ್ನ ಮುಟ್ಟೋದೇ ಇಲ್ಲ."

ಮುಟ್ಟಲೂ ಇಲ್ಲ. ಉಪ್ಪುನೀರು ಬದಲಿಸುತ್ತಿದ್ದ, ಗಾಜಿನ ಒಳಮೈಯನ್ನು ಬ್ಲೇಡಿನಿಂದ ಕೆರೆದು ಒರೆಸುತ್ತಿದ್ದ, ಮೀನಿಗೆ ಒಂದು ಚಿಟಿಕೆ ಹಾಕುತ್ತಿದ್ದ. ಪಂಪಿನ ಕಡೆ ಬೆರಳು ಹೋಗಲಿಲ್ಲ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಕ್ಷೌರದ ಕುರ್ಚಿಯನ್ನು ತೊಟ್ಟಿಯ ಕಡೆ ತಿರುಗಿಸಿ, ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಅಮುಕಿಕೊಂಡು ಕೂರುತ್ತಿದ್ದ. ಅಮುಕಿಕೊಂಡ ಕೈಗಳು ಕೆಳಗೆ ಮಿಸುಕಾಡುವುದು ಕಾಣುತ್ತಿತ್ತು, ಚೀಲದೊಳಗೆ ಹಾಕಿದ ಬೆಕ್ಕಿನ ಮರಿಗಳ ಹಾಗೆ. ಆದರೂ ಕೂರುತ್ತಿದ್ದ.

ಹವಳ ಬೆಳೆಯಿತು. ನಿಂಬೆಹಣ್ಣು ಕಿತ್ತಳೆಯಾಯಿತು, ಕಿತ್ತಳೆ ತೆಂಗಿನಕಾಯಿಯಾಯಿತು. ಕೊನೆಗೆ ಮನುಷ್ಯನ ತಲೆಯಷ್ಟಾಗಿ, ಮೈತುಂಬ ಉದ್ದುದ್ದ ಬೆರಳು ಇಳಿಬಿಟ್ಟುಕೊಂಡು, ಗಾಳಿಯಲ್ಲಿ ಒಣಗಲು ಬಿಟ್ಟ ಕೂದಲಿನ ಹಾಗೆ ನಿಧಾನವಾಗಿ ಓಲಾಡತೊಡಗಿತು. ಇವನು ಅದಕ್ಕೆ 'ಗಿರಾಕಿ' ಎಂದು ಹೆಸರಿಟ್ಟ. "ಎಷ್ಟು ಬೆಳೆದ್ರೂ ಕಟಿಂಗ್ ಕೇಳಲ್ಲ, ಬಾಕಿ ಹೇಳಲ್ಲ, ರಾಜಕೀಯ ಮಾತಾಡಲ್ಲ. ಇಂಥ ಗಿರಾಕಿ ಯಾವ ಅಂಗಡಿಗೆ ಬರ್ತಾನೆ?" ಎಂದು ಬಂದವರಿಗೆಲ್ಲ ಹೇಳುತ್ತಿದ್ದ.

ಅವನ ಹೆಂಡತಿಗೆ, ನಾನು ಅಕ್ಕ ಎಂದೇ ಕರೆಯುವವಳಿಗೆ, ಇದೆಲ್ಲ ಸೇರುತ್ತಿರಲಿಲ್ಲ ಎಂದಲ್ಲ. ಆದರೆ ಬಾಯಿ ಸುಮ್ಮನಿರುತ್ತಿರಲಿಲ್ಲ. "ನನ್ನ ಕಡೆ ಹೀಗೆ ನೋಡ್ಕೊಂಡು ಕೂತಿದ್ರೆ ನಾನೂ ಹಸಿರಾಗಿ ಬೆಳೀತಿದ್ದೆ" ಅನ್ನುತ್ತಿದ್ದಳು. ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಅವರ ಸಂಸಾರ. ಸಂಜೆ ಬಾಗಿಲು ಎಳೆಯುವ ಮೊದಲು ಅಕ್ಕ ಕೆಳಗಿಳಿದು ಬರುತ್ತಾಳೆ. ಬಾಚಣಿಗೆ, ಕತ್ತರಿ, ಟ್ರಿಮ್ಮರಿನ ಹಲ್ಲು, ಬ್ರಷ್ಷು ಎಲ್ಲವನ್ನೂ ಒಂದೇ ಬೇಸಿನ್ನಿಗೆ ಸುರಿದು, ನೆನೆಹಾಕಿ, ತಿಕ್ಕಿ, ಬಿಳಿ ಟವೆಲಿನ ಮೇಲೆ ಸಾಲಾಗಿ ಮಲಗಿಸುತ್ತಾಳೆ. ಆ ಬೀದಿಯಲ್ಲಿ ಅಷ್ಟು ಚೊಕ್ಕಟವಾದ ಅಂಗಡಿ ಇನ್ನೊಂದಿಲ್ಲ. ಒಂದು ಕೂದಲು ಸಿಕ್ಕಿಕೊಂಡ ಬಾಚಣಿಗೆ ಕಂಡರೆ ಅವಳಿಗೆ ಊಟ ಇಳಿಯುವುದಿಲ್ಲ.

ಈಗ ನಡೆದದ್ದಕ್ಕೆ ಬರುತ್ತೇನೆ.

ಅವನ ಅಣ್ಣನಿಗೆ ಕಣ್ಣಿನ ಆಪರೇಷನ್ ಇತ್ತು. ನೋಡಿಕೊಳ್ಳಲು ಇವನು ಪರಊರಿಗೆ ಹೋದ. ಹೋಗುವಾಗ ಅಕ್ಕನಿಗೆ ಇಂಥ ಹೊತ್ತಿಗೆ ತೊಟ್ಟಿಯ ದೀಪ ಹಾಕು, ಇಂಥ ಹೊತ್ತಿಗೆ ಆರಿಸು, ಮೀನಿಗೆ ಇಷ್ಟೇ ಹಾಕು ಎಂದು ಹೇಳಿದ್ದನ್ನೇ ಹೇಳಿ, ಬಸ್ ಸ್ಟಾಂಡಿನಿಂದ ಮತ್ತೆ ಫೋನು ಮಾಡಿ ಹೇಳಿದ. ಊರಿಗೆ ಬಂದವನು ಮೇಲೆ ಮನೆಗೆ ಹೋಗಲಿಲ್ಲ. ಬ್ಯಾಗು ಹೆಗಲಲ್ಲಿರುವಾಗಲೇ ಅಂಗಡಿಯ ಬಾಗಿಲು ಎತ್ತಿದ. ಎತ್ತಿದವನು ಹಾಗೇ ನನ್ನ ಅಂಗಡಿಗೆ ಬಂದ. ನಾನು ಒಂದು ಮೋಟಾರಿನ ಹೊಟ್ಟೆಗೆ ತಾಮ್ರದ ತಂತಿ ಸುತ್ತುತ್ತಿದ್ದೆ.

"ತಮ್ಮಾ, ಒಂಚೂರು ಬಾ."

ಬೆಂಕಿಪೊಟ್ಟಣ ಅನ್ನಲಿಲ್ಲ, ತಮ್ಮ ಅಂದ. ಅದಕ್ಕೇ ಕೈಯಲ್ಲಿದ್ದ ತಂತಿ ಬಿಟ್ಟು ಎದ್ದೆ.

ಹವಳ ಅರ್ಧ ಆಗಿತ್ತು. ಬಲಗಡೆಯ ಬೆರಳೆಲ್ಲ ಒಳಗೆ ಸೇರಿಕೊಂಡು ಮೊಂಡಾಗಿದ್ದವು. ಎಡಗಡೆಯಲ್ಲಿ ಮಾಂಸ ಒಳಗಿನ ಕಲ್ಲಿನಂಥ ಎಲುಬಿನ ಅಂಚಿನಿಂದ ಕಿತ್ತು, ಹರಿದ ಪರದೆಯ ಚೂರಿನ ಹಾಗೆ ಪಟಪಟ ಬಡಿದುಕೊಳ್ಳುತ್ತಿತ್ತು. ಕಿತ್ತ ಜಾಗದಲ್ಲಿ ಬೆಳ್ಳಗೆ ಎಲುಬು. ತೊಟ್ಟಿಯ ತಳದ ಮರಳು ಒಂದು ಮೂಲೆಯಲ್ಲಿ ದಿಬ್ಬದ ಹಾಗೆ ಗುಡ್ಡೆಯಾಗಿ, ಇನ್ನೊಂದು ಮೂಲೆಯಲ್ಲಿ ಬರೀ ಗಾಜು ಕಾಣುತ್ತಿತ್ತು. ಎರಡು ಮೀನೂ ಕಲ್ಲಿನ ಹಿಂದೆ ಅವಿತಿದ್ದವು.

ಮರಳು ತಾನಾಗಿ ನಡೆದು ಹೋಗುವುದಿಲ್ಲ. ಯಾರೋ ನೀರಿನ ದಿಕ್ಕು ಬದಲಿಸಿದ್ದಾರೆ ಎಂದು ನನಗೆ ಕಂಡಿತು. ಯಾರು ಎನ್ನುವುದನ್ನು ನಮ್ಮ ಬೀದಿಯಲ್ಲಿ ಯಾರಾದರೂ ಕೇಳುತ್ತಾರೆಯೇ?

"ಏನಯ್ಯಾ, ಮುಟ್ಟಿದೀಯಾ?"

"ಇಲ್ಲ."

"ಊರಿಗೆ ಹೋಗೋ ಮುಂಚೆ?"

"ಇಲ್ಲ ಕಣೋ."

"ಹಿಡಿಕೆ ಬಿಚ್ಚಿದೀಯ. ಬಿಚ್ಚಿ ಒಂಚೂರು ತಿರುಗಿಸಿ ಮತ್ತೆ ಹಾಕಿದೀಯ. ನನಗೆ ಗೊತ್ತಿಲ್ವಾ ನಿನ್ನ ಕೈ? ನಮ್ಮ ಮನೆ ಗಡಿಯಾರಕ್ಕೆ ಒಂದು ದಿನ ನೆಮ್ಮದಿ ಕೊಟ್ಟಿಲ್ಲ ನೀನು! ಇಷ್ಟು ವರ್ಷ ಸಾಕಿ ಸಲಹಿ, ಕೊನೆಗೆ ನೀನೇ..."

ನಾನು ಕೂಗುವುದು ಕೇಳಿ ಝೆರಾಕ್ಸಿನವನು ಇಣುಕಿದ. ಮೀಸೆ ಕಳೆದುಕೊಂಡ ಕಂಡಕ್ಟರು ಅದೇ ಹೊತ್ತಿಗೆ ಕಟಿಂಗಿಗೆ ಬಂದಿದ್ದವರು ತೊಟ್ಟಿಯನ್ನೂ ಇವನನ್ನೂ ನೋಡಿ, "ಸಮ ಮಾಡೋಕೆ ಹೋಗಿದ್ಯೇನಪ್ಪಾ?" ಅಂದರು. ಯಾರೂ ನಗಲಿಲ್ಲ, ಅವರೂ ನಗಲಿಲ್ಲ. ಇವನು ಮಾತ್ರ ಬ್ಯಾಗನ್ನು ಇಳಿಸದೆ, "ಇಲ್ಲ ಸಾರ್. ನಾನು ಮುಟ್ಟಿಲ್ಲ ಸಾರ್" ಎಂದು ಅವರಿಗೂ ಒಂದು ಸಲ ಹೇಳಿದ.

ಆಮೇಲಿನ ದಿನಗಳಲ್ಲಿ ಅವನನ್ನು ನೋಡುವುದೇ ಒಂದು ಹಿಂಸೆ. ಕೂತ ಕಡೆ ಕೂರುತ್ತಿರಲಿಲ್ಲ. ಒಂದು ತಲೆಗೆ ಎರಡು ಕತ್ತರಿ ಹಾಕುವುದು, ತೊಟ್ಟಿಯ ಹತ್ತಿರ ಹೋಗುವುದು, ಬರುವುದು, ಇನ್ನೊಂದು ಕತ್ತರಿ, ಮತ್ತೆ ಹೋಗುವುದು. ಗಿರಾಕಿಗಳು ಕೊರಳಿಗೆ ಬಟ್ಟೆ ಕಟ್ಟಿಸಿಕೊಂಡು ಅರ್ಧ ತಲೆಯಲ್ಲಿ ಕಾಯುತ್ತಿದ್ದರು. ಮೀನಿನವನ ಹಳೆಯ ನಂಬರಿಗೆ ಫೋನು ಮಾಡಿದರೆ ಯಾರೋ ಹೆಂಗಸು ಎತ್ತಿ ರಾಂಗ್ ನಂಬರ್ ಅಂದಳಂತೆ, ಆದರೂ ಅವಳಿಗೇ ಹವಳದ ವಿಷಯ ಹೇಳಲು ಹೊರಟನಂತೆ. ಎಲುಬಿನ ಬಿಳಿ ಹೆಚ್ಚುತ್ತಿತ್ತು. ಕಿತ್ತ ಮಾಂಸದ ಅಂಚಿನಲ್ಲಿ ಕಂದು ಲೋಳೆ ಕಟ್ಟತೊಡಗಿತ್ತು, ಅದು ಹರಡಿದರೆ ಪೂರ್ತಿ ಹವಳವೇ ಹೋಗುತ್ತದೆ ಎಂದು ಮೀನಿನವನು ಹಿಂದೊಮ್ಮೆ ಹೇಳಿದ್ದ.

ನಾನು ನನ್ನ ಹಿಡಿಕೆಗಳನ್ನು ಬಿಚ್ಚಿ ನೋಡಿದೆ. ಇಟ್ಟ ಹಾಗೆಯೇ ಇದ್ದವು. ಆದರೂ ನಂಬಲಿಲ್ಲ. ಅವನ ಕೈಯನ್ನು ನಂಬುವ ಅಭ್ಯಾಸ ನಮ್ಮಲ್ಲಿ ಯಾರಿಗೂ ಇಲ್ಲ.

ಕೊನೆಗೆ ಅವನಿಗೂ ಇರಲಿಲ್ಲ. ಒಂದು ಮಧ್ಯಾಹ್ನ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು, ಕೆಳಗೆ ಬಿದ್ದಿದ್ದ ತಂತಿಯ ತುಣುಕುಗಳನ್ನು ಒಂದೊಂದೇ ನೆಟ್ಟಗೆ ಮಾಡುತ್ತಾ ಅಂದ: "ಮುಟ್ಟಿದ್ದೆನೇನೋ ಕಣೋ. ಬಸ್ಸಿಗೆ ಹೊತ್ತಾಯ್ತು ಅಂತ ಗಡಿಬಿಡಿಲಿ ಇದ್ದೆ. ನನಗೆ ಗೊತ್ತಿಲ್ದೆ ಕೈ ಹೋಗಿರಬಹುದು. ಇದು ನನ್ನ ಮಾತು ಯಾವತ್ತು ಕೇಳಿದೆ?" ಎಂದು ಬಲಗೈಯನ್ನು ಮೇಲೆತ್ತಿ, ಬೇರೆ ಯಾರದೋ ಕೈ ಎಂಬಂತೆ ನೋಡಿದ.

ನನಗೆ ಸಿಟ್ಟು ಬರುವುದು ಸುಲಭ. ಅವತ್ತು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

ಅದೇ ದಿನ ಸಂಜೆ, ದೀಪ ಹಾಕುವ ಹೊತ್ತು. ಅವನ ಅಂಗಡಿ ದಾಟಿ ಹೋಗುತ್ತಿದ್ದವನು ಒಳಗೆ ನೋಡಿದೆ. ಅಂಗಿಯ ತೋಳನ್ನು ಮೊಣಕೈ ಮೇಲಕ್ಕೆ ಮಡಿಸಿ, ಎಡಗೈಯಲ್ಲಿ ತೊಟ್ಟಿಯ ಅಂಚು ಹಿಡಿದು, ಬಲಗೈಯಲ್ಲಿ ಉದ್ದ ಕತ್ತರಿಯನ್ನು ನೀರಿನೊಳಗೆ ಇಳಿಸುತ್ತಿದ್ದ. ಒಳಗೆ ಓಡಿ ಮುಂಗೈ ಹಿಡಿದೆ.

"ಏನ್ ಮಾಡ್ತಿದೀಯಾ?"

"ಬಿಡೋ. ಹರಿದಿದ್ದನ್ನ ತೆಗೆದುಬಿಟ್ರೆ ಉಳಿದದ್ದು ಸಮ ಆಗತ್ತೆ."

"ಅದರ ಮೀಸೆ ಮಾಡ್ತೀಯೇನಯ್ಯಾ? ಆ ಕಡೆ ತೆಗೀತೀಯ, ಈ ಕಡೆ ಹೆಚ್ಚಾಗತ್ತೆ, ಕೊನೆಗೆ ಕಲ್ಲು ಉಳಿಯತ್ತೆ!"

"ಕೈ ಬಿಡು ಅಂದೆ!"

"ಬಿಡಲ್ಲ!"

ಅವನ ತೋಳಿನಲ್ಲಿ ಅಷ್ಟು ಬಲ ಇದೆ ಎಂದು ನನಗೆ ಗೊತ್ತಿರಲಿಲ್ಲ. ಕತ್ತರಿಯ ತುದಿ ನೀರಿಗೆ ತಾಗಿ ನೀರು ನೆಲಕ್ಕೆ ತುಳುಕಿತು. ಅಷ್ಟು ಹೊತ್ತಿಗೆ ಅಕ್ಕ ಬೇಸಿನ್ನು ಹಿಡಿದು ಮೆಟ್ಟಿಲಿಳಿದು ಬಂದಳು. ಇಬ್ಬರು ದೊಡ್ಡ ಗಂಡಸರು ಒಂದು ಕತ್ತರಿಗೆ ಜೋತಾಡುತ್ತಿರುವುದನ್ನು ನೋಡಿ ಅವಳು ಅಂದದ್ದು ಇಷ್ಟು:

"ಅಯ್ಯೋ, ಉಪ್ಪುನೀರಿಗೆ ಅದ್ದಬೇಡ್ರೋ, ತುಕ್ಕು ಹಿಡಿಯತ್ತೆ! ಈ ಮನೇಲಿ ನಾನು ತೊಳೀಬೇಕು, ನೀವು ಹಾಳು ಮಾಡ್ಬೇಕು. ಅವತ್ತು ಆ ಎರಡು ಮೋಟಾರನ್ನ ಎಷ್ಟು ಕಷ್ಟಪಟ್ಟು ಫಳಫಳ ಅನ್ನೋ ಹಾಗೆ ತೊಳ್ದೆ, ಯಾರಾದ್ರೂ ಒಂದು ಒಳ್ಳೆ ಮಾತು ಅಂದ್ರಾ?"

ನಾನು ಹಿಡಿದ ಕೈ ಹಾಗೇ ಇತ್ತು. ಅವನೂ ಎಳೆಯುವುದನ್ನು ನಿಲ್ಲಿಸಿದ.

"ಯಾವ ಮೋಟಾರು?" ಅಂದ.

"ಇನ್ಯಾವುದು, ನಿಮ್ಮ ಮುದ್ದಿನ ಗಿರಾಕಿಗೆ ನೀರು ಬಿಡೋದು. ನೀವು ಊರಲ್ಲಿಲ್ಲ, ಬಂದಾಗ ಹೊಸದರ ಹಾಗೆ ಇರ್ಲಿ ಅಂತ. ಥೂ, ಏನು ಸುಣ್ಣ, ಏನು ಪಾಚಿ! ವಿನೆಗರಲ್ಲಿ ನೆನೆಹಾಕಿ, ಹಳೇ ಶೇವಿಂಗ್ ಬ್ರಷ್ಷಲ್ಲಿ ತಿಕ್ಕಿ, ಒಳಗಿನ ಪುಟ್ಟ ಚಕ್ರಾನೂ ತೆಗೆದು ಕಡ್ಡಿ ಹಾಕಿ ಕೆರೆದೆ. ಎರಡನ್ನೂ ಒಟ್ಟಿಗೇ. ಒಂದು ಲೋಟ ಕೊಳೆ ಬಂತು."

ನಾನು ಅವನ ಕೈ ಬಿಟ್ಟು ನನ್ನ ಕೈಯನ್ನು ನೀರಿಗೆ ಹಾಕಿದೆ. ಪಂಪಿನ ಮೂತಿಯ ಎದುರು ಅಂಗೈ ಹಿಡಿದರೆ ನೀರು ಗುದ್ದುತ್ತಿತ್ತು. ಅವನು ಊರಿಗೆ ಹೋಗುವ ಮುಂಚೆ ಇದು ಹೇಗಿತ್ತು ಎಂದು ನೆನಪು ಮಾಡಿಕೊಂಡೆ. ಶಬ್ದವೇ ಇರಲಿಲ್ಲ. ಹೊಸತರಲ್ಲಿ ಗುಂಯ್ ಅನ್ನುತ್ತಿದ್ದವು, ಬರಬರುತ್ತ ಮೆತ್ತಗಾದವು, ಪಳಗಿದವು ಎಂದು ನಾವೆಲ್ಲ ಅಂದುಕೊಂಡಿದ್ದೆವು. ಪಳಗಿರಲಿಲ್ಲ, ಕಟ್ಟಿಕೊಂಡಿದ್ದವು. ಸುಣ್ಣ ಕೂತು, ಪಾಚಿ ಸುತ್ತಿ, ವರ್ಷ ವರ್ಷಕ್ಕೂ ನೀರು ಒಂದೊಂದು ಕೂದಲೆಳೆಯಷ್ಟು ಕಡಿಮೆಯಾಗುತ್ತ ಬಂದಿತ್ತು. ಹವಳ ಆ ಕಡಿಮೆಗೇ ಒಗ್ಗಿಕೊಂಡು, ಅದಕ್ಕೆ ತಕ್ಕ ಹಾಗೆ ಬೆರಳು ಉದ್ದ ಬಿಟ್ಟು, ಮೈ ಸಡಿಲ ಮಾಡಿಕೊಂಡು ಬೆಳೆದಿತ್ತು. ಅದಕ್ಕೆ ಈಗ ಒಂದೇ ಏಟಿಗೆ ಎರಡೂ ಕಡೆಯಿಂದ ಹಳೆಯ ಜೋರು ಬಂದು ಬಡಿದಿತ್ತು. ದಿಕ್ಕು ಯಾರೂ ಬದಲಿಸಿರಲಿಲ್ಲ.

ಇದನ್ನು ನಾನು ಬಿಡಿಸಿ ಹೇಳಿದೆ. ಹೇಳುತ್ತ ಹೋದ ಹಾಗೆ ಅಕ್ಕನ ಮುಖ ಇಳಿಯಿತು. ಬೇಸಿನ್ನನ್ನು ಕುರ್ಚಿಯ ಮೇಲಿಟ್ಟಳು.

"ಅಂದ್ರೆ ನಾನಾ?"

ಇವನು ತನ್ನ ಎರಡು ಕೈಗಳನ್ನು ಮುಂದೆ ಹಿಡಿದು ನೋಡುತ್ತಿದ್ದ. "ನಾನಲ್ಲ" ಅಂದ. ಆಮೇಲೆ ನನ್ನ ಕಡೆ ತಿರುಗಿ, "ನಾನು ಮುಟ್ಟಿರಲಿಲ್ಲ ಕಣೋ" ಅಂದ. ಜ್ವರ ಬಿಟ್ಟವನ ಮುಖ. ಆಮೇಲೆ ಹೆಂಡತಿಯನ್ನು ನೋಡಿದ.

"ಅಳಬೇಡ್ವೇ. ನೀನಲ್ಲ. ನಾನು ಮುಟ್ಲಿಲ್ವಲ್ಲ, ಅದಕ್ಕೇ ಹೀಗಾಗಿದ್ದು. ಮುಟ್ಟಲ್ಲ ಮುಟ್ಟಲ್ಲ ಅಂತ ಆ ಪಂಪನ್ನ ತೊಳೀಲೂ ಇಲ್ಲ. ಒಂದೊಂದು ಸಲ ಒಂದೊಂದನ್ನ ಈಚೆ ತೆಗೆದು ತೊಳ್ದಿದ್ರೆ ಇಷ್ಟು ಕಟ್ಕೊಳ್ತಾನೇ ಇರ್ಲಿಲ್ಲ."

"ನಾನೆಲ್ಲಿ ಅಳ್ತಿದೀನಿ? ವಿನೆಗರ್ ವಾಸನೆ ಅದು" ಎಂದು ಅಕ್ಕ ಸೆರಗಿನಲ್ಲಿ ಮೂಗೊರೆಸಿಕೊಂಡಳು. ಅವತ್ತು ಅಲ್ಲಿ ವಿನೆಗರ್ ಇರಲಿಲ್ಲ.

ಯಾರ ತಪ್ಪು ಎನ್ನುವುದು ಮುಗಿಯಿತು. ಹವಳದ್ದು ಮುಗಿಯಲಿಲ್ಲ. ತೊಳೆದ ಕೊಳೆಯನ್ನು ಮತ್ತೆ ತುಂಬಲು ಆಗುತ್ತದೆಯೇ? ಒಂದು ಪಂಪನ್ನು ನಿಲ್ಲಿಸಿ ನೋಡಿದೆವು, ನಿಂತ ಕಡೆ ಕೊಳೆ ಬಂದು ಗಾಯದ ಮೇಲೇ ಕೂತಿತು. ಫ್ಯಾನಿನ ರೆಗ್ಯುಲೇಟರ್ ಹಾಕು ಅಂದ. "ಇದು ಫ್ಯಾನಲ್ಲ ಮಾರಾಯ, ಪುಟ್ಟ ಪಂಪು, ಕರೆಂಟು ಕಡಿಮೆ ಮಾಡಿದ್ರೆ ನಿಂತೇ ಹೋಗತ್ತೆ" ಅಂದೆ. ಎರಡನ್ನೂ ಗಾಜಿಗೆ ಮುಖ ಮಾಡಿ ತಿರುಗಿಸೋಣ ಎಂದು ಹಿಡಿಕೆ ಬಿಚ್ಚಲು ಕೂತರೆ ಅದಕ್ಕೂ ಅವನು ಬಿಡಲಿಲ್ಲ. ದಿಕ್ಕು ಬದಲಿಸಿದರೆ ಅದೊಂದು ಹೊಸ ಏಟು ಎಂದು ಕೂಗಾಡಿದ. ನಾನೂ ಕೂಗಾಡಿದೆ. ಕೈಯಲ್ಲಿದ್ದ ಇಕ್ಕಳವನ್ನು ನೆಲಕ್ಕೆ ಎಸೆದೆ. ಅದು ಎಗರಿ ಅಕ್ಕನ ಬೇಸಿನ್ನಿಗೆ ಬಡಿದು, ತೊಳೆಯಲು ತಂದಿದ್ದ ಬಾಚಣಿಗೆಗಳೆಲ್ಲ ನೆಲದ ಮೇಲೆ ಚೆಲ್ಲಾಡಿದವು.

ಅವನು ಬಗ್ಗಿ ಒಂದೊಂದೇ ಎತ್ತತೊಡಗಿದ. ಅಗಲ ಹಲ್ಲಿನ ಒಂದು ಪ್ಲಾಸ್ಟಿಕ್ ಬಾಚಣಿಗೆ ಕೈಗೆ ಬಂದಾಗ ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ. ಹಲ್ಲಿನ ಮೇಲೆ ಹೆಬ್ಬೆರಳು ಎಳೆದ, ಟರ್ರ್ ಅಂತು. ಎದ್ದು ತೊಟ್ಟಿಯ ಹತ್ತಿರ ಹೋಗಿ, ಪಂಪಿನ ಮೂತಿಯ ಎದುರಿಗೆ ನೀರಿನಲ್ಲಿ ಅಡ್ಡ ಹಿಡಿದ.

ಗುದ್ದುತ್ತಿದ್ದ ನೀರು ಹಲ್ಲುಗಳ ನಡುವೆ ಸೀಳಿ ಎಳೆ ಎಳೆಯಾಗಿ ಹೋಯಿತು. ಆಚೆ ಕಡೆ ಪಟಪಟ ಬಡಿದುಕೊಳ್ಳುತ್ತಿದ್ದ ಮಾಂಸದ ಚೂರು ಸಾವಕಾಶವಾಗಿ ಇಳಿದು ಎಲುಬಿನ ಮೇಲೆ ಒರಗಿತು.

"ಹಿಡಿಕೆಗೆ ಕಟ್ಟೋಕಾಗತ್ತಾ?" ಎಂದು ಕೇಳಿದ, ತಿರುಗಿ ನೋಡದೆ.

ಅಂಥದೇ ಇನ್ನೊಂದು ಬಾಚಣಿಗೆ ಹುಡುಕಿ ನೈಲಾನ್ ದಾರದಲ್ಲಿ ಕಟ್ಟಿಕೊಟ್ಟೆ, ಎಡಕ್ಕೊಂದು, ಬಲಕ್ಕೊಂದು. ಆಮೇಲೆ ಅವನು ಒಂದು ತೆಳು ಪೈಪಿನ ತುದಿಯನ್ನು ಬಾಯಲ್ಲಿ ಹೀರಿ, ಕಂದು ಲೋಳೆಯನ್ನೆಲ್ಲ ಬಕೆಟ್ಟಿಗೆ ಇಳಿಸಿದ. ಉಪ್ಪುನೀರು ಗಂಟಲಿಗೆ ಹೋಗಿ ಕೆಮ್ಮಿದ, ಅಕ್ಕ ಬೆನ್ನು ತಟ್ಟಿದಳು. ಲೋಳೆ ಹೋದ ಜಾಗ ಬೆಳ್ಳಗೆ ಉಳಿಯಿತು. ಕತ್ತರಿ ತಾಗಿಸಲಿಲ್ಲ.

ಬಾಚಣಿಗೆಯ ಮುಂದಿನ ಕೆಲಸ ಅವನದೇ ಯೋಚನೆ. ಇಷ್ಟು ಮೆತ್ತಗಿನ ನೀರು ಗಾಯ ಮಾಯುವ ತನಕ ಸರಿ. ಆಮೇಲೆ ಅಷ್ಟು ದೊಡ್ಡ ಮೈಗೆ ಸಾಲದು, ಪಂಪು ನಿಲ್ಲಿಸಿದಾಗ ಕೊಳೆ ಕೂತ ಕಥೆಯೇ ಮತ್ತೆ ಶುರು. ಹಾಗಾಗಿ ಬಾಚಣಿಗೆಗಳಿಂದ ಒಂದೊಂದೇ ಹಲ್ಲು ಮುರಿಯಬೇಕು. ಒಂದು ಹಲ್ಲು ಮುರಿದರೆ ನೀರು ಒಂಚೂರು ಹೆಚ್ಚುತ್ತದೆ. ಹವಳ ಮುದುಡುತ್ತದೆ, ಆಮೇಲೆ ಒಗ್ಗಿಕೊಂಡು ಅರಳುತ್ತದೆ. ಪೂರ್ತಿ ಅರಳಿದ ಮೇಲೆ ಇನ್ನೊಂದು ಹಲ್ಲು.

"ಇನ್ನೊಂಚೂರು, ಇನ್ನೊಂಚೂರು" ಎಂದು ಜೀವಮಾನವೆಲ್ಲ ಅಂದವನಿಗೆ ಇದು ಹೇಳಿ ಮಾಡಿಸಿದ ಕೆಲಸ ಎಂದು ನಾನು ನಕ್ಕೆ. ತಪ್ಪು ತಿಳಿದಿದ್ದೆ. ಅವನಿಗೆ ಇನ್ನೊಂಚೂರು ಬರುತ್ತಿತ್ತು, ಅದರ ಮಧ್ಯದ ಕಾಯುವಿಕೆ ಬರುತ್ತಿರಲಿಲ್ಲ. ಬೆಳಿಗ್ಗೆ ನಾಲ್ಕು ಬೆರಳು ಈಚೆ ಬಂದರೆ ಸಾಕು, "ಅರಳ್ತು ಕಣೇ, ಇಕ್ಕಳ ಕೊಡು" ಎಂದು ಮೆಟ್ಟಿಲ ಕೆಳಗೆ ನಿಂತು ಕೂಗುತ್ತಿದ್ದ. ಇಕ್ಕಳ ಅಕ್ಕನ ವಶದಲ್ಲಿತ್ತು.

"ಪೂರ್ತಿ ಅರಳಿದೆಯಾ?"

"ಹೆಚ್ಚುಕಮ್ಮಿ ಅರಳಿದೆ."

"ಹೆಚ್ಚುಕಮ್ಮಿ ಅರಳಿದ್ರೆ ಹೆಚ್ಚುಕಮ್ಮಿ ಕೊಡ್ತೀನಿ. ನಡೀರಿ, ಅಂಗಡಿ ನೋಡಿ."

ಒಮ್ಮೆ ಅವಳಿಗೆ ಗೊತ್ತಾಗದ ಹಾಗೆ ಬರಿಗೈಯಲ್ಲೇ ಒಂದು ಹಲ್ಲು ಮುರಿದ. ಹವಳ ಮತ್ತೆ ಮುಷ್ಟಿ ಕಟ್ಟಿತು, ಮಾಯುತ್ತಿದ್ದ ಅಂಚು ಬಿರಿದು ಮತ್ತಷ್ಟು ಎಲುಬು ಕಂಡಿತು. ಎರಡು ದಿನ ಊಟ ಬಿಟ್ಟ. ಮುರಿದ ಹಲ್ಲನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿದ. ಅಂಟು ಹಾಕಿ ಕೂರಿಸಿಕೊಡು ಎಂದು ನನ್ನ ಹತ್ತಿರ ತಂದ. ಬೈದು ಕಳಿಸಿದೆ. ಅದಾದ ಮೇಲೆ ಮತ್ತೆ ಕೈಗಳು ತೊಡೆಯ ಕೆಳಗೆ ಹೋದವು. ಅಕ್ಕನೂ ಪಕ್ಕದ ಕುರ್ಚಿಯಲ್ಲಿ ಬಂದು ಕೂರತೊಡಗಿದಳು, ಕಾವಲಿಗೆ ಅನ್ನುತ್ತಾಳೆ. ಇಬ್ಬರೂ ಬೆನ್ನು ಬೀದಿಗೆ, ಮುಖ ತೊಟ್ಟಿಗೆ.

ಎಡಗಡೆಯ ಮೂರರಲ್ಲಿ ಒಂದು ಪಾಲು ಸತ್ತೇ ಹೋಯಿತು. ಅಲ್ಲಿ ಈಗ ಬೋಳು ಎಲುಬು, ಅದರ ಮೇಲೆ ಎಂಥದೋ ನೇರಳೆ ಪೊರೆ ಹಬ್ಬುತ್ತಿದೆ. ಉಳಿದದ್ದು ಬದುಕಿದೆ. ಬೆರಳುಗಳು ಮೊದಲಿನಷ್ಟು ಉದ್ದವಿಲ್ಲ, ಗಿಡ್ಡಕ್ಕೆ, ದಪ್ಪಕ್ಕೆ, ಬಿಗಿಯಾಗಿವೆ. ಬಾಚಣಿಗೆಗಳಲ್ಲಿ ಇನ್ನೂ ಹಲ್ಲುಗಳಿವೆ. ಕೆಲಸ ಮುಗಿದಿಲ್ಲ, ಯಾವ ಹಲ್ಲಿಗೆ ಏನಾಗುತ್ತದೋ ಗೊತ್ತಿಲ್ಲ. ಕಂಡಕ್ಟರು ಮೊನ್ನೆ, "ಆ ಬೋಳು ಕಡೇನ ಒಡೆದು ತೆಗೆದುಬಿಡಪ್ಪ, ನೋಡೋಕೆ ಸೊಟ್ಟಗೆ ಕಾಣತ್ತೆ" ಅಂದರು. ಅವರ ಬಾಯಲ್ಲಿ ಆ ಮಾತು!

"ಇರ್ಲಿ ಸಾರ್" ಅಂದ ಇವನು.

ನಾನು ಕಟಿಂಗಿಗೆ ಹೋದದ್ದು ನಿನ್ನೆ. ಹೊದಿಕೆ ಕಟ್ಟಿದ, ಕತ್ತರಿ ಆಡಿಸಿದ, ಗದ್ದಕ್ಕೆ ಬೆರಳಿಟ್ಟು ತಲೆ ಅತ್ತ ಇತ್ತ ತಿರುಗಿಸಿದ. ನಾನು ಎಂದಿನಂತೆ ಇನ್ನೊಂಚೂರಿಗೆ ಕಾಯುತ್ತ ಕಣ್ಣು ಮುಚ್ಚಿದ್ದೆ. ಕತ್ತರಿಯ ಸದ್ದು ನಿಂತಿತು. ಕೊರಳ ಬಟ್ಟೆ ಬಿಚ್ಚಿ ಕೊಡವಿದ.

"ಆಯ್ತು, ಏಳು."

ಕನ್ನಡಿ ನೋಡಿಕೊಂಡೆ. ಎಡಕಿವಿಯ ಮುಂದಿನ ಕೂದಲು ಬಲಗಡೆಗಿಂತ ಎದ್ದು ಕಾಣುವಷ್ಟು ಉದ್ದ ಇತ್ತು. ರೇಗಿತು. ಅವನ ಕೈ ಕತ್ತರಿ ಕೆಳಗಿಟ್ಟು, ಮತ್ತೆ ಎತ್ತಿಕೊಂಡು, ಮತ್ತೆ ಕೆಳಗಿಟ್ಟದ್ದು ಕನ್ನಡಿಯಲ್ಲಿ ಕಾಣುತ್ತಿತ್ತು.

"ಏನಯ್ಯಾ ಇದು? ಈ ಕಡೆ ಇನ್ನೊಂಚೂರು ತೆಗಿ!"

"ಬೇಡ" ಅಂದ. "ವಾರ ಬಿಟ್ಟು ಬಾ. ನೋಡೋಣ."

ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಅವನು ಪಕ್ಕದ ಕುರ್ಚಿಯನ್ನು ತೊಟ್ಟಿಯ ಕಡೆ ತಿರುಗಿಸಿ ಕೂತು, ಕೈಗಳನ್ನು ತೊಡೆಯ ಕೆಳಗೆ ತುರುಕಿಕೊಂಡಾಗಿತ್ತು. ನಾನು ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ ಇಟ್ಟುಕೊಂಡೇ ಬೀದಿಗಿಳಿದೆ.